ಹದಿನಾಲ್ಕನೆಯ ಪಾಠದ ವಾಕ್ಯಗಳು

ಇಂಗ್ಲಿಷ್ ವ್ಯಾಕರಣದ ಗೈಡನ್ನು ಯಾರೋ ಒಬ್ಬ ಕೂತು ಬರೆದಿರುತ್ತಾನೆ ಎಂಬುದು ಅದನ್ನು ಓದುವ ಹುಡುಗರಿಗೆ ಹೊಳೆಯುವುದೇ ಇಲ್ಲ. ಧೂಳು ಬಂದು ಬೀಳುವ ಹಾಗೆ ಅದೂ ಎಲ್ಲಿಂದಲೋ ಬಂದು ಮೇಜಿನ ಮೇಲೆ ಬೀಳುತ್ತದೆ ಎಂದುಕೊಂಡಿರುತ್ತಾರೆ. ಆ ಊರಿನಲ್ಲಿ ಅದನ್ನು ಬರೆಯುತ್ತಿದ್ದವನು ಗೈಡಪ್ಪ. ಇದು ಹೆತ್ತವರು ಇಟ್ಟ ಹೆಸರಲ್ಲ, ಟ್ಯುಟೋರಿಯಲ್ಲಿನ ಹುಡುಗರು ಇಟ್ಟದ್ದು. ಬೆಳಿಗ್ಗೆ ಹೊತ್ತು ಅವರಿಗೆ ಪಾಠ ಹೇಳುತ್ತಿದ್ದ. ಮಧ್ಯಾಹ್ನ ಮನೆಗೆ ಬಂದು, ಉಂಡ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಅದೇ ಮೇಜಿನ ಮೇಲೆ ಗೈಡು ಬರೆಯುತ್ತಿದ್ದ.

ನಿಯಮ ಬರೆಯುವುದೇನೂ ಕಷ್ಟವಲ್ಲ. ಹಳೆಯ ಹತ್ತು ಪುಸ್ತಕ ಹರಡಿಕೊಂಡರೆ ಹನ್ನೊಂದನೆಯದು ತಾನೇ ಹುಟ್ಟುತ್ತದೆ. ಕಷ್ಟವೆಲ್ಲ ವಾಕ್ಯಗಳದ್ದು. ಬೇರೆಯವರ ಗೈಡಿನ ಒಂದು ವಾಕ್ಯವೂ ನಮ್ಮದರಲ್ಲಿ ಕಾಣಬಾರದು ಎಂದು ಪ್ರಕಾಶಕರು ಕಟ್ಟುನಿಟ್ಟಾಗಿ ಹೇಳಿದ್ದರು. ಪಾಠಕ್ಕೆ ನಲವತ್ತು ಪ್ರಶ್ನೆ, ಪಕ್ಕದಲ್ಲೇ ಉತ್ತರ, ಕೊನೆಯಲ್ಲಿ ‘ಸ್ವಂತವಾಗಿ ಎರಡು ವಾಕ್ಯ ರಚಿಸಿರಿ’ ಎಂದು ಎರಡು ಖಾಲಿ ಗೆರೆ.

ಹದಿನಾಲ್ಕನೆಯದು ನಾಮಪದದ ಮುಂದೆ ಪ್ರಶ್ನೆಯ ಪದವನ್ನು ಕೂರಿಸುವ ಪಾಠ. ಯಾವ ಬಸ್ಸು, ಯಾರ ಕೊಡೆ, ಏನು ಬಣ್ಣ, ಇಂಥವು. ಮೂವತ್ತಮೂರರ ತನಕ ಗೈಡಪ್ಪನ ಪೆನ್ನು ಸರಾಗವಾಗಿ ಓಡಿತು. ಬಸ್ಸು, ಕೊಡೆ, ಕುರ್ಚಿ, ನಾಯಿ, ಗಡಿಯಾರ, ಪಕ್ಕದ ಮನೆಯವರ ಕಿಟಕಿ ಎಲ್ಲ ಖರ್ಚಾದವು. ಆಮೇಲೆ ಬಾವಿ ಬತ್ತಿತು. ಬೆಳಗಾದರೆ ಪ್ರತಿ ಕೊಡಬೇಕು. ಅವನು ತಲೆಯೆತ್ತಿ ಮನೆಯೊಳಗೇ ಏನಾದರೂ ಸಿಗುತ್ತದೆಯೇ ಎಂದು ನೋಡಿದ. ಕಂಡದ್ದು ಅಕ್ಕ.

ಅಕ್ಕ ಕಣ್ಣಾಸ್ಪತ್ರೆಯಲ್ಲಿ ಆಯಾ. ಆಗಷ್ಟೇ ಕೆಲಸದಿಂದ ಬಂದು, ನೀಲಿ ಕೋಟು ಬಿಚ್ಚಿ, ನಲ್ಲಿಯ ಕೆಳಗೆ ಕೈ ಉಜ್ಜಿಕೊಳ್ಳುತ್ತಿದ್ದಳು. ದಿನಾ ಅಷ್ಟೇ. ಸೋಪು ಹಾಕಿ ಒಂದು ಸಲ, ಮೂಸಿ ನೋಡಿ ಇನ್ನೊಂದು ಸಲ. ಉಜ್ಜುತ್ತಲೇ ಏನು ಬರೀತಿದೀಯ ಎಂದು ಕೇಳಿದಳು. ಅವನು ಏನೂ ಇಲ್ಲ ಎಂದ. ಯಾವ ಪಾಠ ಎಂದಳು. ನಿನಗೆ ಗೊತ್ತಾಗಲ್ಲ ಎಂದ. ಹಿಂದಿನ ದಿನವಷ್ಟೇ ಟ್ಯುಟೋರಿಯಲ್ಲಿನ ಲೆಕ್ಕದ ಮೇಡಂ, ನಿಮ್ಮ ಅಕ್ಕ ಏನು ಮಾಡ್ತಾರೆ ಎಂದು ಕೇಳಿದ್ದರು. ಆಸ್ಪತ್ರೆಯಲ್ಲಿದ್ದಾರೆ ಎಂದಷ್ಟೇ ಹೇಳಿ, ಅವರು ನರ್ಸು ಎಂದುಕೊಂಡರೆ ಅಂದುಕೊಳ್ಳಲಿ ಎಂದು ಬಾಯಿ ಮುಚ್ಚಿಕೊಂಡಿದ್ದ. ಅದು ಇನ್ನೂ ಒಳಗೆ ಚುಚ್ಚುತ್ತಿತ್ತು. ಲೆಕ್ಕದ ಮೇಡಂ ಮೇಲಿನ ಸಿಟ್ಟೋ, ಅಕ್ಕನ ಮೇಲಿನದೋ, ಅಂತೂ ಮೂವತ್ತನಾಲ್ಕನೆಯದು ಒಂದೇ ಉಸಿರಿಗೆ ಬಂತು.

‘ಹೂಸ್ ಹ್ಯಾಂಡ್ಸ್ ಸ್ಮೆಲ್ ಆಫ್ ಫಿನೈಲ್?’ ಯಾರ ಕೈ ಫಿನೈಲು ನಾರುತ್ತದೆ? ಉತ್ತರ: ನನ್ನ ಅಕ್ಕನ ಕೈ.

ಒಂದು ಬಂದ ಮೇಲೆ ಮಿಕ್ಕವು ಕುರಿಮಂದೆಯ ಹಾಗೆ ಅದರ ಹಿಂದೆಯೇ ಬಂದವು. ಅವಳು ಯಾವ ಕೆಲಸ ಮಾಡುತ್ತಾಳೆ? ರೋಗಿಗಳ ಹೇಲು ಉಚ್ಚೆಯ ಪಾತ್ರೆ ತೊಳೆಯುತ್ತಾಳೆ. ಅವಳು ಯಾವ ತರಗತಿಯಲ್ಲಿ ಫೇಲಾದಳು? ಮೂರನೆಯ ತರಗತಿಯಲ್ಲಿ. ಅವಳಿಗೆ ಯಾರ ಹೆಸರು ಬರೆಯಲು ಬರುತ್ತದೆ? ತನ್ನದು ಮಾತ್ರ. ಡಾಕ್ಟರ ಎದುರು ಅವಳು ಯಾವ ಭಾಷೆ ಮಾತಾಡುತ್ತಾಳೆ? ಯಾವುದೂ ಇಲ್ಲ, ತಲೆ ಅಲ್ಲಾಡಿಸುತ್ತಾಳೆ. ಹೀಗೆ ಏಳು. ನಲವತ್ತು ತುಂಬಿದವು. ಅವನು ಕಾಗದಗಳನ್ನು ಸೂಜಿ ಹಾಕಿ ಸಿಕ್ಕಿಸುವ ಹೊತ್ತಿಗೆ ಅಕ್ಕ ಊಟಕ್ಕೆ ಕರೆದಳು. ಹೋಗಿ ಉಂಡ.

ಮರುದಿನ ಅಂಗಡಿಯ ಮೇಲಿನ ಮಾಳಿಗೆಯಲ್ಲಿದ್ದ ಪ್ರಕಾಶಕರ ಕೋಣೆಯಲ್ಲಿ ಟೈಪಿನ ಹುಡುಗಿ ಅದನ್ನು ಹೊಡೆಯುತ್ತ ಹೊಡೆಯುತ್ತ ಕೈ ನಿಲ್ಲಿಸಿದಳು.

“ಸಾರ್, ಈ ಅಕ್ಕ ಯಾರು ಸಾರ್? ಪಾಪ, ಪೂರ್ತಿ ಜಾತಕಾನೇ ಬರ್ದುಬಿಟ್ಟಿದೀರಿ.”

“ಯಾರಾದ್ರೇನು, ಒಂದು ಮಾದರಿ” ಎಂದ ಗೈಡಪ್ಪ. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಹುಡುಗಿ ನಕ್ಕದ್ದು ನೋಡಿ ಅವನಿಗೂ ಹುಮ್ಮಸ್ಸು ಬಂತು. ಅಂಥವರು ಮನೆಗೊಬ್ಬರು ಇರ್ತಾರೆ, ವಾಸನೆ ಹಿಡಿದರೆ ವಿಳಾಸ ಸಿಗುತ್ತೆ ಎಂದ. ಪ್ರಕಾಶಕರೂ ನಕ್ಕರು. ಗೈಡಪ್ಪ ಎಲ್ಲರಿಗಿಂತ ಜೋರಾಗಿ ನಕ್ಕ.

ಪುಸ್ತಕ ಹೊರಬಂದು ಆರು ತಿಂಗಳೊಳಗೆ ಊರಿನ ನಾಲ್ಕೂ ಟ್ಯುಟೋರಿಯಲ್ಲುಗಳಲ್ಲಿ ‘ಫಿನೈಲಕ್ಕ’ ಎಂಬ ಹೆಸರು ಹಬ್ಬಿತು. ಕೊಡೆ ಕುರ್ಚಿಗಳನ್ನು ಯಾರೂ ನೆನಪಿಡಲಿಲ್ಲ. ಕಾರಿಡಾರಿನಲ್ಲಿ ಗುಡಿಸುವ ಹೆಂಗಸು ಹಾದುಹೋದರೆ ಹುಡುಗರು ಮೂವತ್ತನಾಲ್ಕನೆಯ ಪ್ರಶ್ನೆಯನ್ನು ಕೋರಸ್ಸಿನಲ್ಲಿ ಕೇಳುತ್ತಿದ್ದರು. ಆಕೆಗೆ ಇಂಗ್ಲಿಷ್ ಬಾರದು, ತನ್ನನ್ನು ಮಾತಾಡಿಸಿದರು ಎಂದುಕೊಂಡು ನಕ್ಕು ಹೋಗುತ್ತಿದ್ದಳು. ಗೈಡಪ್ಪ ಬೋರ್ಡು ಒರೆಸುವ ನೆಪದಲ್ಲಿ ಬೆನ್ನು ತಿರುಗಿಸುತ್ತಿದ್ದ.

ಹೀಗಿರುವಾಗ ಒಂದು ಸಂಜೆ ಅಕ್ಕ ಕೈ ಕೂಡ ತೊಳೆಯದೆ ನೆಟ್ಟಗೆ ಅವನ ಮೇಜಿನ ಹತ್ತಿರ ಬಂದಳು. ಚೀಲದಿಂದ ಅದೇ ಗೈಡನ್ನು ತೆಗೆದು ಎದುರಿಗಿಟ್ಟಳು. ಹಳೆಯ ಕ್ಯಾಲೆಂಡರಿನ ಹಾಳೆಯಿಂದ ಅದಕ್ಕೆ ಹೊದಿಕೆ ಹಾಕಿಯೂ ಆಗಿತ್ತು. ಆಸ್ಪತ್ರೆಯಲ್ಲಿ ರೋಗಿಗಳು ಹೆಸರು ಬರೆಸುವ ಕೌಂಟರಿನಲ್ಲಿ ಒಂದು ಜಾಗ ಖಾಲಿಯಾಗಿದೆಯಂತೆ. ಹೊರಗಿನವರನ್ನು ತರುವ ಬದಲು ಆಯಾಗಳಲ್ಲೇ ಒಬ್ಬರನ್ನು ಕೂರಿಸೋಣ ಎಂದು ಮ್ಯಾನೇಜರು ಯೋಚಿಸಿದ್ದಾರಂತೆ. ಇವಳು ಮತ್ತು ಒಂದಿಷ್ಟು ಓದಿಕೊಂಡ ಕಿರಿ ಆಯಾ, ಇಬ್ಬರೇ ಪೈಪೋಟಿ. ಇಪ್ಪತ್ತೈದು ದಿನ ಬಿಟ್ಟು ಇಂಗ್ಲಿಷಿನಲ್ಲಿ ಬಾಯಿಮಾತಿನ ಪರೀಕ್ಷೆ. ಇಬ್ಬರಿಗೂ ಒಂದೊಂದು ಗೈಡು ಕೊಟ್ಟಿದ್ದಾರೆ.

“ಪುಸ್ತಕದ ಮೇಲೆ ನಿನ್ನ ಹೆಸರಿದೆ ಕಣೋ” ಎಂದಳು. “ಮ್ಯಾನೇಜರ ಹತ್ರ ಹೇಳ್ಬಿಟ್ಟೆ, ಬರ್ದಿರೋನು ನನ್ನ ತಮ್ಮಾಂತ. ಅವ್ರು ಕುರ್ಚಿ ತೋರ್ಸಿ ಕೂತ್ಕೊಳ್ಳಮ್ಮ ಅಂದ್ರು. ಇಷ್ಟು ವರ್ಷಕ್ಕೆ ಮೊದಲ್ನೇ ಸಲ.”

ಗೈಡಪ್ಪ, ಬೇರೆ ಒಳ್ಳೆಯ ಪುಸ್ತಕಗಳಿವೆ, ತಂದುಕೊಡುತ್ತೇನೆ ಎಂದು ಹೇಳಿ ನೋಡಿದ. ಅಕ್ಕ ಕೇಳಲಿಲ್ಲ. ಮನೆಯಲ್ಲೇ ಅಡುಗೆಯವನಿದ್ದಾಗ ಹೋಟೆಲಿಗೆ ಯಾಕೆ ಹೋಗಲಿ ಎಂದಳು.

ಅಕ್ಕನಿಗೆ ಇಂಗ್ಲಿಷ್ ಅಕ್ಷರ ಗೊತ್ತಿದ್ದವು. ಕಲಿಸಿದ್ದು ಶಾಲೆಯಲ್ಲ, ಕಣ್ಣು ಪರೀಕ್ಷೆಯ ಕೋಣೆಯ ಗೋಡೆಯ ಪಟ. ರೋಗಿಗಳು ದಿನವಿಡೀ ಅದನ್ನು ಗಟ್ಟಿಯಾಗಿ ಓದುವಾಗ ಅವಳು ಬಾಗಿಲಲ್ಲಿ ನಿಂತಿರುತ್ತಿದ್ದಳು. ದೊಡ್ಡದರಿಂದ ಚಿಕ್ಕದಕ್ಕೆ, ಪಟದ ಸಾಲಿನ ಕ್ರಮದಲ್ಲೇ ಅಕ್ಷರಗಳು ತಲೆಯಲ್ಲಿ ಕೂತಿದ್ದವು. ಪಟದಲ್ಲಿ ಇಲ್ಲದವನ್ನು ಫೈಲುಗಳ ಮೇಲಿನ ಹೆಸರುಗಳಿಂದ ಹೆಕ್ಕಿಕೊಂಡಿದ್ದಳು. ಅಂಕಿಗಳಲ್ಲಂತೂ ಅವಳು ಎತ್ತಿದ ಕೈ. ಇನ್ನೂರು ಫೈಲುಗಳ ನಡುವೆ ಒಂದು ನಂಬರು ಹಿಂದೆಮುಂದಾದರೆ ದೂರದಿಂದಲೇ ಹೇಳುತ್ತಿದ್ದಳು.

ದಿನಕ್ಕೊಂದು ಪಾಠ ಎಂದು ಗೊತ್ತುಮಾಡಿಕೊಂಡಳು. ಬೆಳಿಗ್ಗೆ ಅಕ್ಕಿ ಬೇಯುವಾಗ ಒಂದು ಸಲ ಓದುವುದು, ಸಂಜೆ ಬಂದು ಅರ್ಥ ಕೇಳಿಕೊಂಡು ಅವನಿಗೆ ಒಪ್ಪಿಸುವುದು. ಅವನು ಬೆರಳು ಮಡಚಿ ಲೆಕ್ಕ ಹಾಕಿದ. ಹದಿನಾಲ್ಕನೆಯ ಪಾಠ ಬರುವುದು ಎರಡನೆಯ ಗುರುವಾರ.

ಮೊದಲು ಪ್ರಕಾಶಕರ ಹತ್ತಿರ ಓಡಿದ. ಆ ಏಳು ವಾಕ್ಯ ಚೆನ್ನಾಗಿಲ್ಲ, ತೆಗೆದು ಹೊಸ ಪ್ರತಿ ಮಾಡಿಸಿ ಎಂದ. ಅವರು ಕನ್ನಡಕದ ಮೇಲಿನಿಂದ ನೋಡಿದರು.

“ಇಡೀ ಪುಸ್ತಕದಲ್ಲಿ ಹುಡುಗ್ರಿಗೆ ನೆನಪಿರೋದು ಅದೊಂದೇ ಮಾರಾಯ. ಅದನ್ನೇ ತೆಗಿ ಅಂತೀಯ. ಯಾರಾದ್ರೂ ಜಗಳಕ್ಕೆ ಬಂದಿದಾರಾ?”

ಇಲ್ಲ ಎಂದ. ಹೌದು ಎನ್ನಬೇಕಾದರೆ ಯಾರು ಎಂದು ಹೇಳಬೇಕಾಗಿತ್ತು. ಟೈಪಿನ ಹುಡುಗಿ ಅವನ ಮುಖವನ್ನೇ ನೋಡುತ್ತಿದ್ದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಎಂಬ ಗಾದೆ ಅವಳಿಗೂ ಗೊತ್ತಿರಬೇಕು. ಅವನು ಮೆಟ್ಟಿಲಿಳಿದು ಬಂದ.

ಬುಧವಾರ ಮಧ್ಯಾಹ್ನ, ಅಕ್ಕ ಕೆಲಸದಲ್ಲಿದ್ದಾಗ, ಅವಳು ದಿಂಬಿನ ಪಕ್ಕದಲ್ಲಿಟ್ಟಿದ್ದ ಪುಸ್ತಕ ತೆಗೆದ. ಹದಿನಾಲ್ಕನೆಯ ಪಾಠ ಒಂದೇ ಹಾಳೆಯ ಎರಡು ಮಗ್ಗುಲಲ್ಲಿತ್ತು, ಐವತ್ತೇಳು ಮತ್ತು ಐವತ್ತೆಂಟು. ಗಡ್ಡ ಹೆರೆಯುವ ಬ್ಲೇಡನ್ನು ಪುಸ್ತಕದ ಬೆನ್ನಿನ ಅಂಟಿನ ಬುಡಕ್ಕೆ ಹಚ್ಚಿ ನಿಧಾನವಾಗಿ ಎಳೆದ. ಹಾಳೆ ಸದ್ದಿಲ್ಲದೆ ಕೈಗೆ ಬಂತು. ಹಿಂದಿನ ಪಾಠಗಳ ಅಂಚಿನಲ್ಲೆಲ್ಲ ಅಕ್ಕನ ಪೆನ್ಸಿಲಿನ ಗುರುತುಗಳಿದ್ದವು. ಬಾಯಿಪಾಠವಾದದ್ದಕ್ಕೆ ಒಂದು ಚುಕ್ಕೆ, ಆಗದ್ದಕ್ಕೆ ಎರಡು. ಅದನ್ನು ನೋಡಬಾರದಿತ್ತು, ನೋಡಿದ. ಆಮೇಲೆ ಹಾಳೆಯನ್ನು ಒಲೆಯಲ್ಲಿ ಸುಟ್ಟು, ಪುಸ್ತಕವನ್ನು ಇದ್ದ ಹಾಗೇ ಇಟ್ಟ. ಗೈಡುಗಳಲ್ಲಿ ಪುಟ ಬಿಟ್ಟುಹೋಗುವುದು ಹೊಸದೇನಲ್ಲ, ಕೇಳಿದರೆ ಬೈಂಡಿಂಗಿನವನ ತಲೆಗೆ ಕಟ್ಟಿದರಾಯಿತು.

ಗುರುವಾರ ಸಂಜೆ ಅಕ್ಕ ಹದಿನಾಲ್ಕನೆಯ ಪಾಠದ ಸುದ್ದಿಯನ್ನೇ ಎತ್ತಲಿಲ್ಲ. ಹದಿನೈದನೆಯದನ್ನು ಒಪ್ಪಿಸಿದಳು. ಶುಕ್ರವಾರ ಹದಿನಾರು. ಗೈಡಪ್ಪನಿಗೆ ಹೋದ ಜೀವ ಬಂದಂತಾಯಿತು. ಎಂದೂ ಇಲ್ಲದವನು ಅಂದು ತಾನೇ ಪಾತ್ರೆ ತೊಳೆದ. ಅಕ್ಕ ಒಂದು ಘಳಿಗೆ ಅವನನ್ನೇ ನೋಡಿ, ಏನು, ಹುಷಾರಾಗಿದೀಯಾ ಎಂದು ಕೇಳಿದಳು.

ಪರೀಕ್ಷೆ ಇನ್ನೊಂದು ವಾರ ಕಳೆದ ಮೇಲಿನ ಸೋಮವಾರ. ಹಿಂದಿನ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಅಕ್ಕ ಮೇಜು ಒರೆಸಿ, ಅವನ ಎದುರು ಕೂತಳು. ಗೈಡಿನ ಜೊತೆ ಒಂದು ನೋಟ್‌ಪುಸ್ತಕವೂ ಇತ್ತು. ಅದನ್ನು ತೆರೆದು ಅವನ ಕಡೆ ತಿರುಗಿಸಿದಳು.

ಐವತ್ತಾರಾದ ಮೇಲೆ ಐವತ್ತೊಂಬತ್ತು ಬರುತ್ತದೆ ಎಂದು ಅವಳಿಗೆ ಪುಸ್ತಕ ಕೈಗೆತ್ತಿಕೊಂಡ ಕೂಡಲೇ ಕಾಣಿಸಿತ್ತು, ಅದೂ ಬುಧವಾರ ರಾತ್ರಿಯೇ. ಹಾಗಂತ ಪಾಠ ಬಿಡಲಾಗುತ್ತದೆಯೇ? ಕಿರಿ ಆಯಾಳ ಪುಸ್ತಕ ಕೇಳಿದಳು. ಮನೆಗೆ ಕೊಡಲು ಅವಳು ಒಪ್ಪಲಿಲ್ಲ, ಅವಳಿಗೂ ಅದೇ ಪರೀಕ್ಷೆ. ಅದಕ್ಕೇ ಊಟದ ಬಿಡುವಿನಲ್ಲಿ, ಬ್ಯಾಂಡೇಜು ಬಟ್ಟೆ ಇಡುವ ಕೋಣೆಯಲ್ಲಿ ಕೂತು, ಎರಡೂ ಪುಟವನ್ನು ಕೈಯಲ್ಲೇ ನಕಲು ಮಾಡಿಕೊಂಡಿದ್ದಳು. ಹಿಡಿದದ್ದು ಆರು ದಿನ.

ಗೈಡಪ್ಪ ನೋಡಿದ. ಅಚ್ಚಿನ ಅಕ್ಷರಗಳನ್ನೇ ಅಕ್ಕ ಚಿತ್ರ ಬಿಡಿಸಿದ ಹಾಗೆ ಬರೆದಿದ್ದಳು, ಪದ ಪದಕ್ಕೂ ಬೆರಳಗಲ ಜಾಗ ಬಿಟ್ಟು. ಎಡಕ್ಕೆ ಪ್ರಶ್ನೆ, ಬಲಕ್ಕೆ ಉತ್ತರ. ಒಂದರಿಂದ ನಲವತ್ತರವರೆಗೆ ಒಂದನ್ನೂ ಬಿಟ್ಟಿರಲಿಲ್ಲ. ಮೂವತ್ತನಾಲ್ಕರಿಂದ ಮುಂದೆ ಕೂಡ ಅಕ್ಷರ ಎಲ್ಲೂ ನಡುಗಿರಲಿಲ್ಲ.

ಅವಳಿಗೆ ಅರ್ಥವಾಗಿಲ್ಲ ಎಂದು ಅವನು ಒಂದು ಕ್ಷಣ ಆಸೆಪಟ್ಟ. ಅಕ್ಕನ ದಡ್ಡತನವನ್ನು ಅವನು ಅಷ್ಟು ಮನಸಾರೆ ಬೇಡಿಕೊಂಡದ್ದು ಅದೇ ಮೊದಲು.

“ಕಿರಿ ಆಯಾ ಓದ್ಕೊಂಡು ಬಿದ್ದು ಬಿದ್ದು ನಗ್ತಿದ್ಲು” ಎಂದಳು ಅಕ್ಕ. “ಆಮೇಲೆ ನನ್ನ ಮುಖ ನೋಡಿ ನಿಲ್ಲಿಸಿದ್ಲು. ನಂಗೆ ಆಗ್ಲೂ ಪೂರ್ತಿ ಗೊತ್ತಾಗ್ಲಿಲ್ಲ. ಫಿನೈಲು ಗೊತ್ತಿತ್ತು, ಡಬ್ಬಿ ಮೇಲೆ ಇರತ್ತೆ. ಹ್ಯಾಂಡ್ಸೂ ಗೊತ್ತಿತ್ತು. ಮಿಕ್ಕಿದ್ದನ್ನ ನಿನ್ನೆ ಅವ್ಳನ್ನೇ ಒಂದೊಂದಾಗಿ ಕೇಳಿ ತಿಳ್ಕೊಂಡೆ.”

“ಅಕ್ಕ, ಅದು…”

“ಇರು. ಬ್ಲೇಡಿನ ಗೆರೆ ನಂಗೆ ಗೊತ್ತಾಗಲ್ವಾ? ದಿನಾ ಬ್ಯಾಂಡೇಜು ಪಟ್ಟಿ ಕತ್ತರಿಸೋ ಕೈ ಇದು. ಹೋಗ್ಲಿ. ನಾಳೆ ಪರೀಕ್ಷೆ, ಈಗ ಇದನ್ನೆಲ್ಲ ಕೂತು ಮಾತಾಡಕ್ಕೆ ಹೊತ್ತಿಲ್ಲ. ಈ ಒಂದು ಪಾಠ ನೀನು ಕೇಳಿಲ್ಲ. ಕೇಳು.”

ಅವನು ನೋಟ್‌ಪುಸ್ತಕ ಕೈಗೆತ್ತಿಕೊಂಡ. ಬೇರೆ ದಾರಿ ಇರಲಿಲ್ಲ. ಮೊದಲನೆಯದರಿಂದ ಶುರು ಮಾಡಿದ. ಯಾವ ಬಸ್ಸು ತಡವಾಯಿತು, ಯಾರ ಕೊಡೆ ಹರಿದಿದೆ. ಅಕ್ಕ ಕಣ್ಣು ಅರ್ಧ ಮುಚ್ಚಿ ಇಡೀ ವಾಕ್ಯದಲ್ಲೇ ಉತ್ತರ ಹೇಳುತ್ತ ಹೋದಳು. ಈ ಪಾಠ ತನಗೆ ಸಲೀಸು ಎಂದು ನಡುವೆ ಒಂದು ಮಾತು ಸೇರಿಸಿದಳು. ಹನಿ ಹಾಕುವ ಮೊದಲು ದಿನಕ್ಕೆ ಐವತ್ತು ಜನರನ್ನು ಯಾವ ಕಣ್ಣು, ಯಾವ ಕಣ್ಣು ಎಂದು ಕೇಳುವುದೇ ಅವಳ ಕೆಲಸ, ಈಗ ಅದನ್ನು ಇಂಗ್ಲಿಷಿನಲ್ಲಿ ಕೇಳಬೇಕು, ಅಷ್ಟೇ. ಮೂವತ್ತಮೂರನೆಯದು ಮುಗಿಯಿತು. ಅವನು ನೀರು ಕುಡಿದ.

“ಮುಂದೆ” ಎಂದಳು.

ಅವನು ಓದಿದ. ಅವನ ದನಿ ಅವನಿಗೇ ಕೇಳಿಸಲಿಲ್ಲ.

“ಗಟ್ಟಿಯಾಗಿ ಕೇಳು. ಮ್ಯಾನೇಜರು ಹೀಗೆ ಪಿಸಿಪಿಸಿ ಅಂತಾರಾ?”

ಅವನು ಗಟ್ಟಿಯಾಗಿ ಕೇಳಿದ. ಯಾರ ಕೈ ಫಿನೈಲು ನಾರುತ್ತದೆ? ಅಕ್ಕ ಪುಸ್ತಕದಲ್ಲಿದ್ದ ಉತ್ತರ ಹೇಳಲಿಲ್ಲ. ‘ಮೈ ಹ್ಯಾಂಡ್ಸ್ ಸ್ಮೆಲ್ ಆಫ್ ಫಿನೈಲ್’ ಎಂದಳು. ಹೀಗೆ ಹೇಳಿದರೂ ಸರಿಯೇ ಎಂದು ಕೇಳಿದಳು. ಸರಿ ಎಂದ. ಮೂವತ್ತೈದು ಕೇಳಿದ. ಪಾತ್ರೆ ತೊಳೆಯುವ ವಾಕ್ಯವನ್ನು ಅವಳು ಒಂದು ಅಕ್ಷರ ತಪ್ಪದೆ ಹೇಳಿದಳು. ಬೈದಿದ್ದರೆ ಬೈಸಿಕೊಳ್ಳುತ್ತಿದ್ದ. ಅತ್ತಿದ್ದರೆ ಕಾಲಿಗೆ ಬೀಳುವ ಒಂದು ನಾಟಕಕ್ಕಾದರೂ ಜಾಗವಿರುತ್ತಿತ್ತು. ಅಕ್ಕ ಎರಡನ್ನೂ ಮಾಡದೆ ಮುಂದಿನ ಪ್ರಶ್ನೆಗೆ ಕಾಯುತ್ತಿದ್ದಳು.

ಮೂವತ್ತಾರು. ಅವಳು ಯಾವ ತರಗತಿಯಲ್ಲಿ ಫೇಲಾದಳು?

ಅಕ್ಕ ಕಣ್ಣು ಪೂರ್ತಿ ತೆರೆದಳು.

“ಇದಕ್ಕೆ ನಾನು ಉತ್ತರ ಹೇಳಲ್ಲ” ಎಂದಳು. “ಮೂರನೇ ಕ್ಲಾಸು ನಾನು ಫೇಲಾಗಿಲ್ಲ. ಪಾಸಾಗಿದ್ದೆ. ನಾಕನೇ ಕ್ಲಾಸಿನ ಪುಸ್ತಕ ತಂದಿಟ್ಟಿದ್ರು. ಅಷ್ಟ್ರಲ್ಲಿ ಅಮ್ಮ ಹೋದ್ಲು, ನಿಂಗೆ ಹನ್ನೊಂದು ತಿಂಗ್ಳು. ಕೈ, ಫಿನೈಲು, ಪಾತ್ರೆ, ಅದೆಲ್ಲ ಇರೋದೇ. ಇದೊಂದು ಸುಳ್ಳು ಬರ್ದಿದೀಯ ನೋಡು.”

ಗೈಡಪ್ಪನಿಗೆ ಅದು ಗೊತ್ತಿರಲಿಲ್ಲ. ಓದು ಹತ್ತದೆ ಬಿಟ್ಟಳು ಎಂದೇ ತಿಳಿದುಕೊಂಡಿದ್ದ. ಯಾರು ಹೇಳಿದ್ದು ಎಂದು ಯೋಚಿಸಿದ. ಯಾರೂ ಹೇಳಿರಲಿಲ್ಲ. ಅವನು ಇಷ್ಟು ವರ್ಷ ಒಂದು ಸಲವೂ ಕೇಳಿರಲಿಲ್ಲ, ಆದ್ದರಿಂದ ತನಗೆ ಅನುಕೂಲವಾದದ್ದನ್ನು ಅಂದುಕೊಂಡಿದ್ದ.

“ನಂಗೆ ಗೊತ್ತಿರ್ಲಿಲ್ಲ ಅಕ್ಕ.”

“ಗೊತ್ತಿಲ್ಲದ್ದನ್ನ ಅಚ್ಚು ಹಾಕಿಸ್ತಾರಾ?”

ತಪ್ಪಾಯಿತು ಎಂಬ ಮಾತು ಗಂಟಲಿನವರೆಗೆ ಬಂತು. ಆದರೆ ವರ್ಷವಿಡೀ ನಾಲ್ಕು ಟ್ಯುಟೋರಿಯಲ್ಲಿನ ಹುಡುಗರು ಬಾಯಿಪಾಠ ಮಾಡಿದ್ದರ ಎದುರು ಆ ಮಾತು ಎಷ್ಟು ಪುಟ್ಟದೆಂದರೆ, ಹೇಳಲೂ ನಾಚಿಕೆಯಾಯಿತು. ನುಂಗಿಕೊಂಡ. ನುಂಗಿಕೊಂಡದ್ದಕ್ಕೂ ನಾಚಿಕೆಯಾಯಿತು. ಮಿಕ್ಕ ನಾಲ್ಕನ್ನು ಕೇಳಿದ, ಅವಳು ಹೇಳಿದಳು.

ಪಾಠದ ಕೊನೆಯಲ್ಲಿ ಸ್ವಂತವಾಗಿ ಎರಡು ವಾಕ್ಯ ರಚಿಸಲು ಹೇಳಿತ್ತಲ್ಲ, ಇಲ್ಲಿಯವರೆಗೆ ಗೈಡಪ್ಪನ ಶಿಷ್ಯರಲ್ಲಿ ಒಬ್ಬನೂ ಅದನ್ನು ಮಾಡಿದವನಿರಲಿಲ್ಲ. ಅವನೂ ಕೇಳಿದವನಲ್ಲ. ಅಕ್ಕ ಹಾಳೆ ಮಗುಚಿದಳು. ಅಲ್ಲಿ ಪೆನ್ಸಿಲಿನಲ್ಲಿ ಎರಡು ಸಾಲಿದ್ದವು. ಮೊದಲನೆಯದು, ನಿಮ್ಮ ಯಾವ ಕಣ್ಣು ನೋಯುತ್ತದೆ ಎಂದು. ಎರಡನೆಯದು, ನನ್ನ ತಮ್ಮ ಯಾವ ಪುಟವನ್ನು ಕತ್ತರಿಸಿದ ಎಂದು.

“ತಪ್ಪಿದ್ರೆ ತಿದ್ದು” ಎಂದಳು.

ಮೊದಲನೆಯದು ಸರಿಯಾಗಿತ್ತು. ಎರಡನೆಯದರಲ್ಲಿ ಒಂದು ಪದ ಬಿಟ್ಟುಹೋಗಿತ್ತು. ಸುಮ್ಮನೆ ಸರಿ ಎಂದುಬಿಡಬಹುದಿತ್ತು, ಆದರೆ ನಾಳೆ ಪರೀಕ್ಷೆಯಲ್ಲಿ ಅದೇ ತಪ್ಪು ಮಾಡಿದರೆ? ಅವಳಿಗೆ ಕೌಂಟರು ಬೇಕಾಗಿತ್ತು. ಮೂರು ವರ್ಷದಿಂದ ಮೊಣಕಾಲು ಊರಲಾಗದೆ ಗೋಡೆ ಹಿಡಿದು ನೆಲ ಒರೆಸುತ್ತಿದ್ದಾಳೆ ಎಂಬುದನ್ನು ಅವನು ನಲವತ್ತರಲ್ಲಿ ಒಂದು ವಾಕ್ಯವಾಗಿಯೂ ಬರೆದಿರಲಿಲ್ಲ. ಪೆನ್ನು ತೆಗೆದು, ಪದ ಸೇರಿಸಿ, ಇಡೀ ಸಾಲನ್ನು ಕೆಳಗೆ ಮತ್ತೊಮ್ಮೆ ಶುದ್ಧವಾಗಿ ಬರೆದ. ನನ್ನ ತಮ್ಮ ಯಾವ ಪುಟವನ್ನು ಕತ್ತರಿಸಿದ? ಅವನದೇ ಕೈಬರಹ, ಎಲ್ಲರೂ ಮೆಚ್ಚುವ ದುಂಡು ಅಕ್ಷರ.

“ಪಕ್ಕದಲ್ಲಿ ಉತ್ತರ ಬೇಡ್ವಾ? ಎಲ್ಲದಕ್ಕೂ ಇದೆಯಲ್ಲ.”

ಅವನು ಬರೆದ. ನನ್ನ ತಮ್ಮ ಐವತ್ತೇಳನೆಯ ಪುಟವನ್ನು ಕತ್ತರಿಸಿದ.

ಅಕ್ಕ ಬಗ್ಗಿ, ಅಂಕಿಯ ಮೇಲೆ ಬೆರಳಿಟ್ಟು ನೋಡಿದಳು.

“ಐವತ್ತೆಂಟು?” ಎಂದಳು. “ಹಾಳೆಗೆ ಎರಡು ಮಗ್ಗುಲು ಇರತ್ತೆ. ಎರಡೂ ಬರಿ.”

ಎರಡೂ ಬರೆದ. ಅಕ್ಕ ನೋಟ್‌ಪುಸ್ತಕವನ್ನು ತನ್ನ ಕಡೆಗೆ ಎಳೆದುಕೊಂಡು, ಕಿಟಕಿಯ ಬೆಳಕಿಗೆ ಹಿಡಿದು, ಪ್ರಶ್ನೆಯನ್ನೂ ಉತ್ತರವನ್ನೂ ಗಟ್ಟಿಯಾಗಿ ಓದಿದಳು. ಮೊದಲ ಸಲ ಎರಡು ಕಡೆ ಎಡವಿದಳು. ಎರಡನೆಯ ಸಲ ಒಂದು ಕಡೆ. ಮೂರನೆಯ ಸಲಕ್ಕೆ ಅವಳು ಎಲ್ಲೂ ತಡವರಿಸಲಿಲ್ಲ. ಅಂಚಿನಲ್ಲಿ ಒಂದು ಚುಕ್ಕೆ ಇಟ್ಟು, ಎದ್ದು, ನಾಳೆಯ ಕೋಟಿಗೆ ಇಸ್ತ್ರಿ ಹಾಕಲು ಹೋದಳು.